ಕೂರದ ಅಂಗಿ

ಹದಿನೆಂಟು ವರ್ಷ ಕೋಡಿಬಾಗದಲ್ಲಿ ಪೋಲ್ಕ ಹೊಲಿದ
ಕೈ ಇದು. ತೋಳು ಸುತ್ತಿ ಬಂದು ಕಂಕುಳಲ್ಲಿ
ಒಂದು ನೆರಿಗೆ ಕಂಡರೆ ರಾತ್ರಿ ನಿದ್ದೆಯಿಲ್ಲ.
"ಹೇಗೆ ಕೂತಿದೆ ನೋಡೇ" ಅಂತ ಸುಲಭಾ ತಳೇಕರ
ಕನ್ನಡಿಗೆ ಬೆನ್ನು ಕೊಟ್ಟು ತಿರುಗಿದರೆ ಸಾಕು,
ಹಣ ಮುಂದಿನ ತಿಂಗಳಾದರೂ ನಡೆದೀತು.

ಮಗಳು ಬಂದು ಹೇಳುತ್ತಾಳೆ:
ಆಯಿ, ನನಗೊಂದು ಟೀ ಶರ್ಟು ಹೊಲಿ,
ಎಲ್ಲೂ ಕೂರಬಾರದು.

ಭುಜ ಜಾರಿ ರಟ್ಟೆಯ ನಡುವಿಗೆ ಬರಬೇಕಂತೆ.
ತೋಳು ಮೊಣಕೈ ದಾಟಬೇಕಂತೆ.
ಅಗಲ, ಇಬ್ಬರು ಹೊಕ್ಕು ಜಗಳಾಡುವಷ್ಟು.
ಫೋನಿನಲ್ಲಿ ತೋರಿಸಿದಳು, ಎರಡೂವರೆ ಸಾವಿರ;
ಹಾಕಿಕೊಂಡ ಹುಡುಗ ಗೋಡೆಗೊರಗಿ
ಯಾರ ಮೇಲೋ ಮುನಿಸಿಕೊಂಡ ಹಾಗೆ ನಿಂತಿದ್ದ.
ಇಂಥದ್ದು ಹೊಲಿದು ಕೊಟ್ಟಿದ್ದರೆ ನನ್ನ ಗಿರಾಕಿಗಳು
ಅಳತೆ ಪಟ್ಟಿಯಲ್ಲೇ ನನ್ನ ಕೈ ಕಟ್ಟುತ್ತಿದ್ದರು, ಅಂದೆ.
ಸಾನಿಕಾ ನಗಲಿಲ್ಲ.

ಮಡಗಾಂವಿಂದ ರೈಲಿನಲ್ಲಿ ತಂದಳು ಕರೀ ಬನಿಯನ್ ಬಟ್ಟೆ,
ಮೀಟರಿಗಲ್ಲ, ಕಿಲೋಗೆ; ಮೀನಿನ ಹಾಗೆ ತೂಗಿ ಕೊಟ್ಟರಂತೆ.
ಎಳೆದರೆ ಬರುತ್ತದೆ, ಬಿಟ್ಟರೆ ಅಂಚು ಸುರುಳಿ ಸುತ್ತುತ್ತದೆ.
ನನ್ನ ಸೂಜಿ ಅದರ ಮೇಲೆ ಹೊಲಿಗೆ ಹಾರಿಸಿತು,
ಮೂರು ಹಾಕಿ ಒಂದು ಬಿಟ್ಟು, ಹಲ್ಲು ಬಿದ್ದ ಬಾಯಿ.
ಇದಕ್ಕೆ ಮೊನೆ ಮೊಂಡಾದ ಸೂಜಿ ಬೇಕು, ಅಂದಳು,
ಎಳೆ ಕತ್ತರಿಸದೆ ಸಂದಿಯಲ್ಲಿ ನುಸುಳುತ್ತದೆ.
ಹದಿನೆಂಟು ವರ್ಷ ಬೆಳಿಗ್ಗೆದ್ದು
ಸೂಜಿಯ ಚೂಪು ಮುಟ್ಟಿ ನೋಡಿದವಳು ನಾನು.

ಹೊಲಿದೆ. ಆದರೆ ಕೈ ಕೇಳಬೇಕಲ್ಲ.
ಅವಳಿಗೆ ತಿಳಿಯದ ಹಾಗೆ ಭುಜದಲ್ಲಿ ಮುಕ್ಕಾಲಿಂಚು,
ಪಕ್ಕದಲ್ಲಿ ಒಂದಿಂಚು ಒಳಗೆ ತಗೊಂಡೆ.
ಹಾಕಿಕೊಂಡ ಮರುಗಳಿಗೆ,
"ಆಯಿ, ಇದು ಕೂತುಬಿಟ್ಟಿದೆ,"
ಯಾರದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ.
ಬಿಚ್ಚಿದೆ. ಬಿಚ್ಚುವಾಗ ಸಿಟ್ಟಿತ್ತು.

ಬೆನ್ನಿಗೆ ಅಕ್ಷರ ಬೇಕು. ಅಚ್ಚು ಕೊರೆಯಲು
ಗಟ್ಟಿ ಹಾಳೆ ಹುಡುಕಿ ಕಪಾಟಿನ ಮೇಲಿಂದ ಎಳೆದಳು
ನನ್ನ ಕತ್ತಿನ ಎಕ್ಸ್‌ರೇ.
ಬಗ್ಗಿ ಹೊಲಿಯುವುದು ಬಿಡಿ, ಅಂದಿದ್ದರು ಡಾಕ್ಟರು.
ಕಿಟಕಿಗೆ ಹಿಡಿದರೆ ಆಚೆ ಕಾಳಿ ನದಿ, ಸೇತುವೆ, ಲಾರಿ;
ಈಚೆ ನನ್ನ ಏಳು ಎಲುಬು, ಐದನೆಯದು ತುಸು ಸವೆದದ್ದು.
ಬ್ಲೇಡಿನಲ್ಲಿ ಅವುಗಳ ನಡುವೆ ಕೊರೆದಳು:
ತಡಿ.

ಯಾವ ತಡಿ, ಕೇಳಿದೆ. ಕಡಲಿನದಾ?
"ನಿನ್ನದು," ಅಂದಳು.
ಊಟಕ್ಕೆ ಬಾ ಅಂದರೆ ತಡಿ.
ಇವತ್ತು ಶಾಲೆಯಲ್ಲಿ ಏನಾಯ್ತು ಗೊತ್ತಾ ಅಂದರೆ
ಈ ಒಂದು ತೋಳು ಮುಗಿಯಲಿ, ತಡಿ.
ನಾನೇನೂ ಹೇಳಲಿಲ್ಲ. ಬಾಯಲ್ಲಿ ಗುಂಡುಸೂಜಿ ಇತ್ತು.

ಡಿಯ ಗುಡಿಸು ಕೊರೆದದ್ದೇ ಅದರ ಹೊಟ್ಟೆ ಕಳಚಿ
ಎಲ್ಲೋ ಹಾರಿತು. ಹಾಗೇ ಬಣ್ಣ ಹಚ್ಚಿದರೆ
ಅಕ್ಷರವಲ್ಲ ಅದು, ಬಿಳಿ ಬೊಕ್ಕೆ.
ಇಬ್ಬರೂ ಮಂಡಿಯೂರಿ ಹುಡುಕಿದೆವು,
ಚಿಂದಿಯಡಿ, ಪೆಡಲಿನಡಿ.
ಕೊನೆಗೆ ಡಬ್ಬಿಯಿಂದ ನಾನೇ ಒಂದು ಗುಂಡಿ ತೆಗೆದು
ಆ ಜಾಗಕ್ಕಿಟ್ಟೆ. ಹಾಸಿಗೆಯ ಸ್ಪಂಜು ಹರಿದು
ಬಣ್ಣದಲ್ಲಿ ಅದ್ದಿ ಅವಳು ತಟ್ಟಿದಳು.
ಒರೆಸಬಾರದು, ತಟ್ಟಬೇಕು,
ತೇಗು ಬರಲೆಂದು ಕೂಸಿನ ಬೆನ್ನು ತಟ್ಟಿದ ಹಾಗೆ.
ಎತ್ತಿ ನೋಡಿದರೆ ಗುಂಡಿಯೇ ಇಲ್ಲದ ಅಂಗಿಯಲ್ಲಿ
ಒಂದು ಗುಂಡಿಯಷ್ಟು ಕಪ್ಪು.

ಭಾನುವಾರದ ಸಂತೆಗೆ ಅದನ್ನೇ ಹಾಕಿ ಬಂದಳು.
ಬಸಳೆ ಕಟ್ಟಿನ ಎದುರು ಸುಲಭಾ ತಳೇಕರ:
"ಯಾರದ್ದೇ ಇದು, ಅಪ್ಪಂದಾ?"
ನಾನು ಹೊಲಿದದ್ದು, ಅಂದೆ.
ತುಸು ಜೋರಾಗೇ ಅಂದೆನೋ ಏನೋ,
ಬಸಳೆಯವಳೂ ತಲೆಯೆತ್ತಿದಳು.
ಸುಲಭಾ ಸುಮ್ಮನೆ ತನ್ನ ಪೋಲ್ಕದ ಕಂಕುಳಿಗೆ
ಬೆರಳು ತೂರಿಸಿ ಒಮ್ಮೆ ಸಡಿಲಿಸಿಕೊಂಡಳು.

ಸೋಮವಾರ ಗುಡಿಸುವಾಗ ಸಿಕ್ಕಿತು
ಗುಡಿಸಿನ ಹೊಟ್ಟೆ, ನನ್ನದೇ ಹಿಮ್ಮಡಿಗೆ ಅಂಟಿಕೊಂಡು.
ಬೆಳಕಿಗೆ ಹಿಡಿದೆ. ಅವರೆಕಾಳಿನಷ್ಟು ಫಿಲ್ಮು,
ಅದರಲ್ಲಿ ಯಾವುದೋ ಎಲುಬಿನ ಒಂದು ಬಿಳಿ ಅಂಚು.
ಐದನೆಯದೇ ಇರಬೇಕು.
ಡಬ್ಬಿಗೆ ಹಾಕಿದೆ,
ಬಣ್ಣ ಅಂಟಿದ ಆ ಗುಂಡಿಯ ಪಕ್ಕ.