ಕತ್ತಿನ ಅಳತೆ

ಕುಶಾಣರ ರಾಜಧಾನಿ ಕುಶಾಲನಗರ
ಎಂದು ಬರೆದಿದ್ದಾಳೆ ಏಳನೇ ಕ್ಲಾಸಿನ ಮುತ್ತವ್ವ.
ಕೆಂಪು ಪೆನ್ನು ಎತ್ತಿದೆ. ಗೆರೆ ಎಳೆಯುವ ಮುಂಚೆ
ಒಂದು ಗಳಿಗೆ, ನಿಜವಾಗಿದ್ದರೆ ಅನಿಸಿತು:
ಕಾವೇರಿ ಸೇತುವೆಯ ಮೇಲೆ ಒಂಟೆಗಳ ಸಾಲು,
ಬಸ್‌ಸ್ಟ್ಯಾಂಡಿನ ಹಿಂದೆ ಟಂಕಸಾಲೆ,
ಚಿಲ್ಲರೆ ಕೇಳಿದರೆ ಕಂಡಕ್ಟರು ಎಣಿಸಿಕೊಡುವ ಚಿನ್ನದ ದೀನಾರ.
ಆಮೇಲೆ ಸೊನ್ನೆ ಹಾಕಿದೆ.
ಪುರುಷಪುರ ಅಂತ ಪಕ್ಕಕ್ಕೆ ಬರೆದೆ.

ಕೂತಿದ್ದು ವಿರಾಜಪೇಟೆಯ ಗಡಿಯಾರ ಕಂಬದ ಇಳಿಜಾರಿನಲ್ಲಿ,
ಕುಂಞಮ್ಮದ್ ಕಾಕನ ಹೊಲಿಗೆ ಅಂಗಡಿಯ ಬೆಂಚಿನ ಮೇಲೆ.
ಅಪ್ಪನ ಕುಪ್ಯ ತಂದಿದ್ದೆ, ತಮ್ಮನಿಗೆ ಸೊಂಟ ಬಿಡಿಸಲು.
ಕರಿಯದು.
ಬಿಳಿಯದು ಅಪ್ಪನ ಜೊತೆಗೇ ಹೋಯಿತು.

ಹೊಲಿಗೆ ಬಿಚ್ಚುತ್ತಿದ್ದ ಕಾಕ ಬಗ್ಗಿ ನೋಡಿದರು
ತೆರೆದಿಟ್ಟ ಪಾಠಪುಸ್ತಕದ ಚಿತ್ರ:
ತಲೆಯಿಲ್ಲದ ಕನಿಷ್ಕ.
ಮಂಡಿ ದಾಟಿದ ಕೋಟು, ನಡುಪಟ್ಟಿ, ಕತ್ತಿ,
ಒಂದೊಂದು ದಿಕ್ಕಿಗೆ ತಿರುಗಿದ ಎರಡು ದಪ್ಪ ಬೂಟು.
"ಯಾರು ಟೀಚರೇ, ಇದನ್ನು ಹೊಲಿದದ್ದು?"

ಯಾರ ಮಗ, ಯಾವ ಯುದ್ಧ, ಎಷ್ಟು ವರ್ಷ ಆಳಿದ,
ಇಪ್ಪತ್ತಾರು ವರ್ಷದಿಂದ ಕೇಳಿದ್ದೇನೆ, ಹೇಳಿದ್ದೇನೆ.
ಇದನ್ನು ಯಾರೂ ಕೇಳಿರಲಿಲ್ಲ.

ಕಾಕ ಹೆಬ್ಬೆರಳಿನಿಂದ ಕೋಟಿನ ಅಂಚು ಸವರಿದರು.
"ಕೆಳಗೆ ಘೇರು ಜಾಸ್ತಿ. ಕುದುರೆ ಹತ್ತುವವನ ಕಟಿಂಗು.
ಬಟ್ಟೆ ದಪ್ಪ. ಚಳಿ ದೇಶದವನು.
ಇಲ್ಲೇನೋ ಬರೆದಿದ್ದಾರಲ್ಲ?"
ಮಹಾರಾಜ, ರಾಜಾಧಿರಾಜ, ದೇವಪುತ್ರ. ಓದಿ ಹೇಳಿದೆ.
"ಒಳ್ಳೇದು. ನಾನೂ ಸೀಮೆಸುಣ್ಣದಲ್ಲಿ ಬಟ್ಟೆ ಮೇಲೇ ಬರೀತೀನಿ.
ಮುಖ ಮರೆತುಹೋದರೂ ಗಿರಾಕಿ ಯಾರು ಅಂತ ಗೊತ್ತಿರಬೇಕು."

ಮಾಚಯ್ಯ ಮಾವ ಇದ್ದಿದ್ದರೆ ಎದ್ದೇ ನಿಲ್ಲುತ್ತಿದ್ದರು:
ನೋಡು, ಅದೇ ಕುಪ್ಯ, ಅದೇ ಚೇಲೆ, ಅವರೇ ನಾವು!
ಎರಡನೇ ಪೆಗ್ಗಿಗೆ ಕುಶಾಣರು, ಮೂರನೆಯದಕ್ಕೆ ಗ್ರೀಕರು,
ನಾಲ್ಕನೆಯದಕ್ಕೆ ಯಾರ ವಂಶವೂ ಅಲ್ಲ, ಬರೀ ಅಳು.
ಕಾಕ ನಕ್ಕು ಟೇಪು ಕೊರಳಿಗೆ ಹಾಕಿಕೊಂಡರು.
"ಚಳಿ ಒಂದೇ ಥರ ಇದ್ದರೆ ಕೋಟೂ ಒಂದೇ ಥರ.
ರಕ್ತದ್ದು ಬೇರೆ ಅಂಗಡಿ."

ದೂರದ ಹುಲ್ಲುಗಾವಲಿನಿಂದ ಓಡಿಸಿಕೊಂಡು ಬಂದವರು.
ದಾರಿಯಲ್ಲಿ ಮಾತು ಬದಲಾಯಿಸಿದರು, ಲಿಪಿ ಸಾಲ ತಂದರು,
ಎದುರಾದ ದೇವರನ್ನೆಲ್ಲ ನಾಣ್ಯದ ಬೆನ್ನಿಗೆ ಹತ್ತಿಸಿಕೊಂಡರು:
ನನಾ, ಮಿಹಿರ, ಎತ್ತಿಗೊರಗಿದ ಶಿವ, ಬುದ್ಧ.
ಕೋಟು ಮಾತ್ರ ಬಿಚ್ಚಲಿಲ್ಲ.
ಮಥುರೆಯ ಮೇ ತಿಂಗಳು. ಬೆನ್ನಲ್ಲಿ ಇಳಿಯುವ ಬೆವರು.
ಬೂಟಿನೊಳಗೆ ಬೆಂದ ಕಾಲು.
ಇದು ಪಾಠದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ.
ಅಪ್ಪ ಒಮ್ಮೆ ಮಂಗಳೂರಿನ ಏಪ್ರಿಲ್ ಮದುವೆಗೆ
ಕುಪ್ಯ ತೊಟ್ಟು ಹೋಗಿ ಬಂದು
ಎರಡು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ.

ಬಿಚ್ಚಿದ ಹೊಲಿಗೆಯ ಒಳಮಡಿಕೆಯಲ್ಲಿ
ನಲವತ್ತು ವರ್ಷ ಬಿಸಿಲು ಕಾಣದ ಒಂದು ಪಟ್ಟಿ ಕಪ್ಪು.
ಉಳಿದದ್ದೆಲ್ಲ ಕಂದು ಅಂತ
ಅದರ ಪಕ್ಕ ಇಟ್ಟಾಗಲೇ ಗೊತ್ತಾದದ್ದು.

ಕರೆಂಟು ಹೋಯಿತು.
ಕಾಕ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು,
ನಿಂತಲ್ಲೇ ಬಲಗೈ ಇಳಿಸಿ
ಒಂದು ಹಿಡಿ ಚಿಪ್ಪಿನ ಇದ್ದಿಲು ಬಿಟ್ಟರು.
ಕೆಂಡದ ಬೆಳಕು ಏರಿದ್ದು ಎದೆಯ ತನಕ. ಅದರ ಮೇಲೆ
ತೂಗುಹಾಕಿದ ಬಟ್ಟೆಗಳು, ಕತ್ತಲು.
ನಾಣ್ಯದಲ್ಲಿ ರಾಜ ನಿಲ್ಲುವುದು ಹೀಗೇ,
ಪುಟ್ಟ ಬೆಂಕಿಯ ಕಡೆ ಕೈ ಚಾಚಿ.
ಹೇಳಲು ಬಾಯಿ ತೆರೆದೆ, ಹೇಳಲಿಲ್ಲ.

"ತಮ್ಮನ ಕತ್ತಿನ ಅಳತೆ ಎಷ್ಟು ಟೀಚರೇ?"
ಕತ್ತಲಿನಿಂದ ದನಿ ಬಂತು.
ನನಗೆ ಗೊತ್ತಿರಲಿಲ್ಲ.
ಅಪ್ಪನದು ಹೇಳಿದೆ.