ಬಿಳಿಯ ಮೇಲೆ ಬಿಳಿ

ಮೊದಲ ತಿಂಗಳು ಇರ್ಯಾ
'ಅಕಾರ್ಡಿಯನ್ ರಿಪೇರಿ, ಈಸಲ್ಮಿ' ಅಂತ
ಒಂದೇ ಪುಟದಲ್ಲಿ ನಲವತ್ತು ಸಲ ಬರೆದಳು.
ಸಾಲದ್ದಕ್ಕೆ ತಳದಲ್ಲಿ
ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಮತ್ತೆ ಇನ್ನೂರು,
ಮನುಷ್ಯರಿಗೆ ಕಾಣದ್ದು ಯಂತ್ರಕ್ಕೆ ಕಂಡೀತೆಂದು.

ಕಂಡಿತು.
ಆಮೇಲೆ ಹುಡುಕಿದರೆ ಅಂಗಡಿಯೇ ಇಲ್ಲ,
ಒಂಬತ್ತನೇ ಪುಟದಲ್ಲೂ ಇಲ್ಲ;
ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ ಮಾತ್ರ,
ಬಿಳಿಯ ಮೇಲೆ ಬಿಳಿ.

ಮಾರ್ಚಿನಲ್ಲೊಬ್ಬ ಮುದುಕ
ಬಸ್ಸಿನ ಹೊತ್ತು ಕೇಳಲು ಒಳಬಂದವನು
ಗೋಡೆಯ ತಿದಿಗಳನ್ನು ನೋಡಿ ನಿಂತ.
"ನಮ್ಮಾಕೆಯದ್ದೊಂದು ಇದೆ.
ಬೆರಳು ತೆಗೆದರೂ ಒಂದು ಸ್ವರ ನಿಲ್ಲುವುದಿಲ್ಲ.
ಅದಕ್ಕೇನನ್ನುತ್ತಾರೋ,
ಏನಂತ ಹುಡುಕಲಿ ಹೇಳು?"

ಆ ರಾತ್ರಿ ಇನ್ನೂರನ್ನೂ ಅಳಿಸಿದಳು.
ತಲೆಬರಹಕ್ಕೆ ಅವನ ಮಾತನ್ನೇ ಇಟ್ಟಳು,
ಕಪ್ಪಿನಲ್ಲಿ.
ಕೆಳಗೆ: ಸವೆದ ಚರ್ಮ, ಸೋತ ಸ್ಪ್ರಿಂಗು,
ಮನೆಯಲ್ಲೇ ಮೊದಲು ನೋಡಬೇಕಾದ್ದು,
ನನ್ನ ಹತ್ತಿರ ಬಂದರೆ ಇಷ್ಟು ದರ.

ಏಪ್ರಿಲ್ ಮುಗಿಯುವ ಹೊತ್ತಿಗೆ ಏಳು ಜನ ಓದಿದ್ದರು.
ಎಷ್ಟು ಮಂದಿ ತಾವೇ ಸರಿಮಾಡಿಕೊಂಡರೋ, ತಿಳಿಯದು.
ಒಬ್ಬರು ಫೋನು ಮಾಡಿದರು, ಮಾತಾಡಲಿಲ್ಲ;
ಕಿವಿಗೊಟ್ಟರೆ ಆ ಕಡೆಯಿಂದ
ನಿಲ್ಲದ
ಒಂದು ಸ್ವರ.