ಹಾಳೂರ ಗೌಡ

ಗಂಟಲ ದ್ರವದ ಕಡ್ಡಿಗಳಿಗೆ ಬೇರೆ ಕೋಣೆ, ಬೇರೆ ಯಂತ್ರ,
ಬೇರೆ ಹುಡುಗರು; ಸಂಜೆಯ ಬುಲೆಟಿನ್ನಿಗೆ ಅವರ ಅಂಕಿ.
ನನ್ನ ಬೆಂಚಿಗೆ ಬರುವುದು ಇನ್ನೊಂದು ಡಬ್ಬಿ:
ಹಳದಿ ಮುಚ್ಚಳ, ಎರಡು ಸುತ್ತು ಚೀಲ,
ಮೇಲೆ ಕೆರಿಯಮ್ಮನ ಸೊಟ್ಟ ಅಕ್ಷರ,
‘ಮಂಚ ಹತ್ತೊಂಬತ್ತು. ಭೇದಿ. ನಿನ್ನೆಯಿಂದ ಹನ್ನೊಂದು ಸಲ.’

ಭೇದಿಗೆ ಬುಲೆಟಿನ್ನಿನಲ್ಲಿ ಕಾಲಂ ಇಲ್ಲ.

ಮಂಚ ಹತ್ತೊಂಬತ್ತು ಅಂದರೆ ಗುತ್ಯಪ್ಪ,
ಶಿವಮೊಗ್ಗ–ಸಾಗರ ಬಸ್ಸಿನ ಕಂಡಕ್ಟರು.
ಜ್ವರದ ಮೊದಲ ವಾರ ಕಣ್ಣು ಮುಚ್ಚಿಯೇ ಕೂಗುತ್ತಿದ್ದನಂತೆ:
ಆಯನೂರು, ಕುಂಸಿ, ಆನಂದಪುರ...
ಆನಂದಪುರ ಬಂತೆಂದರೆ ಕೆಮ್ಮು,
ಮತ್ತೆ ಆಯನೂರಿಂದ ಶುರು.
ಪಕ್ಕದ ಮಂಚದವರು ರೇಗಿ,
‘ಮಾರಾಯ, ಒಂದು ಸಲ ಸಾಗರ ಮುಟ್ಟಿಸಿಬಿಡು’ ಅಂದರಂತೆ.

ಎದೆ ತಿಳಿಯಾಯಿತು. ಬೆರಳಿನ ಕ್ಲಿಪ್ಪು ತೊಂಬತ್ತಾರು ತೋರಿಸಿತು.
ಮನೆಗೆ ಕಳಿಸುವ ಚೀಟಿಗೆ ಸಹಿ ಬೀಳುವುದಷ್ಟೇ ಬಾಕಿ,
ಆ ಬೆಳಗ್ಗೆ ಹೊಟ್ಟೆಯ ಕಟ್ಟೆಯೊಡೆಯಿತು.

ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ಮದ್ದಿನ ಪಟ್ಟಿ.
ಮೊದಲ ದಿನವೇ ಒಂದು ಆಂಟಿಬಯಾಟಿಕ್ಕು, ಇರಲಿ ಅಂತ.
ಮೂರನೇ ದಿನ ಇನ್ನೊಂದು, ಯಾವುದಕ್ಕೂ ಇರಲಿ ಅಂತ.
ಆರನೇ ದಿನ ನರಕ್ಕೇ.
ಯಾರನ್ನು ದೂರಲಿ? ಆಗ ಯಾರಿಗೆ ಏನು ಗೊತ್ತಿತ್ತು?
ರಾತ್ರಿ ಮೂರಕ್ಕೆ ನಡುಗುವ ಪೆನ್ನು
ತನ್ನ ಹೆದರಿಕೆಯನ್ನೇ ದಿನಕ್ಕೆರಡು ಬಾರಿಯೆಂದು ಬರೆದಿತ್ತು.

ವೈರಸ್ಸಿಗೆ ಆ ಮದ್ದು ತಟ್ಟುವುದಿಲ್ಲ.
ತಟ್ಟಿದ್ದು ಕರುಳಿನ ಊರಿಗೆ.
ಹಾಲು ಕುಡಿವ ದಿನದಿಂದ ಅಲ್ಲೇ ಒಕ್ಕಲಿದ್ದವರು,
ಮನೆಯ ಗಂಜಿ, ಬಸ್‌ಸ್ಟ್ಯಾಂಡಿನ ಬೋಂಡ, ಯಾರದೋ ಮದುವೆಯ ಸಾರು,
ಏನು ಬಂದರೂ ಸುಧಾರಿಸಿದವರು, ಹೆಸರಿಲ್ಲದ ಕೋಟಿ ಕೋಟಿ,
ಹತ್ತೇ ದಿನದಲ್ಲಿ ಗುಡಿಸಿ ಹಾಕಿದ ಹಾಗೆ.
ಹಾಳೂರಿಗೆ ಉಳಿದವನೇ ಗೌಡ.
ಮೂಲೆಯಲ್ಲಿ ಬೀಜ ಕಟ್ಟಿ ಮಲಗಿದ್ದವನೊಬ್ಬ
ಎದ್ದ, ಮೈಮುರಿದ, ಖಾಲಿ ಓಣಿ ನೋಡಿದ,
ಗೋಡೆ ಗೋಡೆಗೂ ವಿಷ ಬಳಿಯತೊಡಗಿದ.

ಪಟ್ಟಿಯ ಮೇಲೆ ಮೂರು ಹನಿ. ಹದಿನೈದು ನಿಮಿಷ.
ಕಿಟಕಿಯಾಚೆ ಲಾಕ್‌ಡೌನಿನ ರಸ್ತೆ;
ಸರ್ಕಲ್ಲಿನ ನಟ್ಟನಡುವೆ ಒಂದು ಬಿಡಾಡಿ ಹೋರಿ
ಕಾಲು ಮಡಚಿ, ಬೀದಿಯೆಲ್ಲ ತನ್ನದೇ ಎಂಬಂತೆ ಮೆಲುಕು ಹಾಕುತ್ತಿತ್ತು.
ತಿರುಗಿ ನೋಡಿದರೆ ಎರಡನೇ ಗೆರೆ.
ಬಸುರಿನ ಪರೀಕ್ಷೆಯ ಪಟ್ಟಿಯೂ ಹೀಗೇ ಇರುತ್ತದೆ.

ವಾರ್ಡಿಗೆ ಫೋನು ಮಾಡಿದೆ:
‘ಕೆರಿಯಮ್ಮಾ, ಇದಕ್ಕೆ ಸ್ಯಾನಿಟೈಸರ್ ಜಗ್ಗಲ್ಲ,
ಸೋಪು ಹಚ್ಚಿ ನೀರಲ್ಲಿ ತಿಕ್ಕಿ ತೊಳಿ. ಮಂಚದ ಕಂಬಿಗೆ ಬ್ಲೀಚು.’
‘ಅಯ್ಯೋ ಮೇಡಮ್ಮೋರೆ, ವರ್ಷದಿಂದ ಆ ನೀಲಿ ನೀರಿಗೇ ಕೈ ಮುಗಿದಿದ್ವಲ್ಲ!
ಕಡೆಗೆ ಬಚ್ಚಲ ಸೋಪೇ ಗತಿಯಾಯ್ತಾ?’
ಮಾಸ್ಕಿನೊಳಗೆ ನಕ್ಕದ್ದು ಕೇಳಿಸಿತು.
ಆಮೇಲೆ ದನಿ ತಗ್ಗಿಸಿ ಹೇಳಿದಳು:
‘ಆಯಪ್ಪ ಹೆಂಡ್ತಿಗೆ ಇನ್ನೂ ಕೆಮ್ಮು ಅಂತಾನೇ ಹೇಳ್ತಾನೆ.
ಕೆಮ್ಮಿದ್ರೆ ಅಯ್ಯೋ ಪಾಪ ಅಂತಾರಂತೆ,
ಇದಕ್ಕೆ ಮೂಗು ಮುಚ್ಕೊಳ್ತಾರಂತೆ.
ಅವಳೋ, ದಿನಾ ಗೇಟಿಗೆ ಬಂದು ಕಾಳುಮೆಣಸಿನ ಕಷಾಯ ಕೊಟ್ಟು ಹೋಗ್ತಾಳೆ.
ಯಾರು ಕುಡೀತಾರೆ? ನಾನೇ ಕುಡೀತೀನಿ.’

ಹಳೆಯ ಮದ್ದೆಲ್ಲ ನಿಲ್ಲಿಸಿದರು. ಬಾಯಿಗೆ ಒಂದೇ ಒಂದು, ಆರು ತಾಸಿಗೊಮ್ಮೆ.
ಹನ್ನೊಂದು ಎಂಟಾಯಿತು, ಮತ್ತೆ ಒಂಬತ್ತಾಯಿತು,
ಒಂದು ರಾತ್ರಿ ಲೆಕ್ಕವೇ ಬರಲಿಲ್ಲ; ನಾನೂ ಕೇಳಲಿಲ್ಲ.
ಏಳನೇ ದಿನ ಫೋನು:
‘ಹತ್ತೊಂಬತ್ತು ಗಟ್ಟಿ, ಮೇಡಮ್ಮೋರೆ! ಒಂದೇ ಸಲ!’
ಮಲದ ಸುದ್ದಿಗೆ ಇಬ್ಬರು ಹೆಂಗಸರು
ಮೊಮ್ಮಗು ಹುಟ್ಟಿದಂತೆ ಕುಣಿದೆವು.

ಬೆಂಚಿನ ಮೇಲೆ ಆಗಲೇ ಇನ್ನೊಂದು ಡಬ್ಬಿ,
ಹಳದಿ ಮುಚ್ಚಳ, ಅದೇ ಸೊಟ್ಟ ಅಕ್ಷರ:
‘ಮಂಚ ಇಪ್ಪತ್ತು.’
ಸಾಗರ ಮುಟ್ಟಿಸು ಎಂದವರು ಇವರೇ ಇರಬೇಕು.
ಕೈಗವಸು ಹಾಕಿಕೊಂಡೆ.